ಅಂಚಿನ ಮಸಿ

ಸುಲ್ತಾನಪೇಟೆಯ ಈ ಮಹಡಿಯನ್ನು
ಯುಗಾದಿಯೊಳಗೆ ಖಾಲಿ ಮಾಡಬೇಕು.
ಕೆಳಗೆ ಲಗ್ನಪತ್ರಿಕೆಯ ಅಂಗಡಿ, ಮೇಲೆ ನಾನು,
ಹದಿನೇಳು ಖಾನೆಯ ಬೀರು, ಒಂದು ಡಬ್ಬ ನುಸಿಗುಳಿಗೆ,
ಕೈಗೆ ಬಿಳಿ ಗವಸು.
ಈ ಕೋಣೆ ಕಂಡ ಮೊದಲ ಚೊಕ್ಕ ಕೈ.

ಪ್ರೆಸ್ಸು ಹೋದ ವಾರವೇ ಹೋಯಿತು.
ಎಂಟು ಜನ ಹೊತ್ತು ಮೆಟ್ಟಿಲು ಇಳಿಸಿದರು.
ಅದರ ಕಾಲು ಊರಿದ್ದ ನಾಲ್ಕು ಕಡೆ
ರೆಡ್ ಆಕ್ಸೈಡ್ ನೆಲ ಇನ್ನೂ ಕೆಂಪು,
ಮೊನ್ನೆ ಮೆತ್ತಿದ ಹಾಗೆ.

ಫಾರಮ್ಮಿನಲ್ಲಿ ಹನ್ನೊಂದು ಕಲಮು:
ಕಲಾವಿದರ ಹೆಸರು, ವರ್ಷ, ಎಷ್ಟರಲ್ಲಿ ಎಷ್ಟನೆಯದು,
ಮರವೋ ತಗಡೋ ಕಲ್ಲೋ, ಸಹಿ ಎಲ್ಲಿದೆ,
ಹಾನಿ ಏನಾದರೂ.

ಹೆಸರಂತೆ.
ಭಾನುವಾರ ಭಾನುವಾರ ಬರುತ್ತಿದ್ದವರು
ಮೈಸೂರು ರಸ್ತೆಯ ಗಾರ್ಮೆಂಟ್ಸಿನ ಹೆಂಗಸರು,
ಕೊಳಾಯಿ ರಿಪೇರಿಯ ಷಣ್ಮುಗಂ, ಹಿಂದಿನ ಗಲ್ಲಿಯ ಮಕ್ಕಳು.
ತಿಂಗಳಿಗೆ ಐದು ರೂಪಾಯಿ, ಇಲ್ಲದವರಿಗೆ ಮಸಿ ಸಾಲ.
ಸಾಲದ ಪುಸ್ತಕ ಗೆದ್ದಲು ಮುಟ್ಟದೆ ಉಳಿದಿದೆ:
'ಆರೋಗ್ಯಮೇರಿ. ಕಪ್ಪು, ಅರ್ಧ ಡಬ್ಬಿ. ಬಾಕಿ.'
ಚಿತ್ರಕ್ಕೆ ಹೆಸರಿಲ್ಲ, ಬಾಕಿಗಿದೆ.

ಮೂರನೇ ಖಾನೆಯದು ಅವಳದೇ ಇರಬೇಕು:
ಬತ್ತಿದ ನಲ್ಲಿ, ಸಾಲು ಕೊಡ, ಮೇಲೆ ದೊಡ್ಡಕ್ಷರ
'ನೀರು ಕೊಡಿ', ಉಲ್ಟಾ.
ತಿರುಗಿಸಿ ಕೆತ್ತಬೇಕೆಂಬುದು ಮರೆತು
ನೆಟ್ಟಗೆ ಕೆತ್ತಿಬಿಟ್ಟಿದ್ದಳು.
ನಲವತ್ತು ಪ್ರತಿ ಎಳೆದ ಮೇಲೆ ಗೊತ್ತಾದದ್ದು.
ಕಾಗದ ದಂಡ ಮಾಡುವುದುಂಟೆ? ಹಾಗೇ ಅಂಟಿಸಿದರು
ಕಾಟನ್‌ಪೇಟೆಯ ಗೋಡೆಗೆ, ಕ್ಷೌರದಂಗಡಿಯ ಎದುರು.
ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತವರೆಲ್ಲ
ಕನ್ನಡಿಯಲ್ಲಿ ಸರಿಯಾಗಿ ಓದಿದರು.
ವಾರ್ಡಿನ ಇಂಜಿನಿಯರೂ ಅಲ್ಲೇ ಗಡ್ಡ ತೆಗೆಸುತ್ತಿದ್ದ ಅಂತಾರೆ.
ನೀರು ಬಂತೋ ಇಲ್ಲವೋ,
ಅದಕ್ಕೆ ಕಲಮಿಲ್ಲ.

ಕಲ್ಲುಗಳದು ಬೇರೆ ಕಥೆ.
ಹೊಸ ಚಿತ್ರ ಬೇಕೆಂದರೆ ಹಳೆಯದನ್ನು ತಿಕ್ಕಿ ಅಳಿಸಬೇಕು,
ಮರಳು, ನೀರು, ಕಲ್ಲಿನ ಮೇಲೆ ಕಲ್ಲು, ಸುತ್ತಿ ಸುತ್ತಿ.
ಒಂದರ ಮೈಮೇಲೆ ಎಷ್ಟು ಮುಖ ಬಂದು ಹೋದವೋ.
ತೇವ ಮಾಡಿ ಬೆಳಕಿಗೆ ಓರೆ ಹಿಡಿದರೆ
ಯಾರದೋ ಕಿವಿ, ಒಂದು ಕಿಟಕಿಯ ಸರಳು.
ನಂಬರು ಹಾಕುವುದು ಯಾವುದಕ್ಕೆ?

ಒಂಬತ್ತನೇ ಖಾನೆ, ಮಾಸ್ತರು ಬಿಸಾಕಿದವು.
ಮೌನಾಚಾರ್ ಮಾಸ್ತರು ಹೆಸರಿಗೆ ಮಾತ್ರ ಮೌನ:
'ಅಂಚು! ಅಂಚು ನೋಡ್ಕೊಳ್ರಯ್ಯ!'
ಬಿಳಿ ಅಂಚಿಗೆ ಮಸಿಬೆರಳು ಕೂತರೆ ಆ ಪ್ರತಿ ರದ್ದು.
ರದ್ದಾದದ್ದನ್ನು ಪಿಳ್ಳಪ್ಪ ಎತ್ತಿ ತಂದು
ಇಲ್ಲಿಡುತ್ತಿದ್ದ, ಮಧ್ಯೆ ಮಧ್ಯೆ ಬೇವಿನೆಲೆ.
ಮೂವತ್ತೊಂದು ವರ್ಷ ಚಕ್ರ ತಿರುಗಿಸಿದವನು, ಹಾಳೆ ಎತ್ತಿದವನು,
ಒಂದು ಗೆರೆ ಕೆತ್ತಿದವನಲ್ಲ.

ನೂರಾ ಹನ್ನೆರಡು ಹಾಳೆ.
ಎಲ್ಲದರ ಎಡಮೂಲೆಗೂ ಅದೇ ಹೆಬ್ಬೆರಳು,
ನಡುವೆ ಅಡ್ಡಕ್ಕೊಂದು ಬಿಳಿ ಗೆರೆ, ತಗಡು ಕುಯ್ದ ಗಾಯ.
ನನಗೆ ಗೊತ್ತು ಆ ಬೆರಳು.
ಹನ್ನೆರಡು ವರ್ಷದವಳಿಗೆ ಬನ್ನು ಮುರಿದು ಕೊಟ್ಟಿತ್ತು,
ಬನ್ನಿಗೂ ಮಸಿ ಹತ್ತಿತ್ತು, ತಿಂದಿದ್ದೆ.
ಕೈತಪ್ಪೇ ಇದ್ದೀತು ಅಂದುಕೊಂಡೆ, ಹತ್ತು ಹಾಳೆಯ ತನಕ.
ಮೂವತ್ತೊಂದು ವರ್ಷ
ಅದೇ ಮೂಲೆಗೆ, ಅದೇ ಓರೆಗೆ
ತಪ್ಪುತ್ತದೆಯೆ ಕೈ?

ಸಂಗ್ರಹಾಲಯದ ಹುಡುಗ ಒಳ್ಳೆಯವನು.
'ಕಲೆ ತೆಗೀಬಹುದು ಮೇಡಂ, ಹತ್ತೀಲಿ ಒರೆಸಿದ್ರೆ ಹೋಗುತ್ತೆ.'
ಬೇಡಪ್ಪ ಎಂದೆ.
ಹಾನಿಯ ಕಲಮಿನಲ್ಲಿ ಅವನು ಬರೆದದ್ದನ್ನು ಹೊಡೆದು
ಸಹಿಯ ಕಲಮಿನಲ್ಲಿ ಬರೆದೆ: ಇದೆ, ಎಡಮೂಲೆ.
ನೂರಾ ಹನ್ನೆರಡು ಸಲ. ಮಣಿಕಟ್ಟು ನೋಯುತ್ತಿದೆ.

ಕರೆಂಟು ಹೋಯಿತು. ಕೆಳಗಿನ ಕಟಿಂಗ್ ಮೆಷಿನ್ನೂ ನಿಂತಿತು.
ಹತ್ತನೇ ಖಾನೆ ತೇವಕ್ಕೆ ಉಬ್ಬಿ ಬಿಗಿದಿದೆ,
ಗವಸು ಜಾರುತ್ತದೆ.
ಬಿಚ್ಚಿಟ್ಟು
ಎಳೆಯುತ್ತಿದ್ದೇನೆ.